ಕಾರಿನ ಯಾವ ಕೆಲಸ ಶೋರೂಮಿಗೆ, ಯಾವುದು ನಮ್ಮ ಕೈಗೆ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಕಾರಿಗೆ ಎರಡು ಬಗೆಯ ದುಡಿಮೆ. ವರ್ಷದ ಹೆಚ್ಚಿನ ದಿನ ಹಿಂಜೆವಾಡಿ, ಖರಾಡಿ, ಹಡಪ್ಸರದ ಟ್ರಾಫಿಕ್ಕಿನಲ್ಲಿ ಒಂದನೇ ಗೇರು, ಎರಡನೇ ಗೇರಿನಲ್ಲೇ ತೆವಳುತ್ತದೆ. ಗಣೇಶನ ಹಬ್ಬವೋ ದಸರೆಯೋ ಬಂತೆಂದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಡಿಕ್ಕಿ ತುಂಬ ಸಾಮಾನು ಹೊತ್ತು, ಕಾತ್ರಜ್ ಸುರಂಗ ದಾಟಿ ಖಂಬಾಟ್ಕಿ ಘಾಟ್ ಏರಿ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ಮೇಲೆ ಹುಬ್ಬಳ್ಳಿವರೆಗೆ 400 ಕಿ.ಮೀ.ಗೂ ಮಿಕ್ಕಿ ಓಡಬೇಕು. ಹಬ್ಬದ ಹಿಂದಿನ ವಾರ ಸರ್ವಿಸ್ ಸೆಂಟರ್‌ಗಳಲ್ಲಿ ಜಾಗ ಸಿಗುವುದಿಲ್ಲ, ಸಿಕ್ಕರೂ ಕೆಲಸ ಅವಸರದ್ದು. ಆಗ ಎಲ್ಲರ ತಲೆಗೂ ಬರುವ ಪ್ರಶ್ನೆ ಒಂದೇ: ಇಷ್ಟು ದುಡ್ಡು ಕೊಟ್ಟು ಶೋರೂಮಿಗೇ ಬಿಡಬೇಕೆ, ಒಂದಷ್ಟನ್ನು ನಾವೇ ಮಾಡಿಕೊಂಡರೆ ಆಗದೆ?

ಇಡೀ ಕಾರನ್ನು ಸೇರಿಸಿ ಕೇಳಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಒಂದೊಂದು ಕೆಲಸವನ್ನೂ ಬಿಡಿಯಾಗಿ ಎತ್ತಿಕೊಂಡು ಮೂರು ಸಂಗತಿ ನೋಡಬೇಕು. ಕೆಲಸ ಕೆಟ್ಟರೆ ಏನಾಗುತ್ತದೆ, ಕಾರು ನಿಲ್ಲುತ್ತದೋ ಅಥವಾ ನಿಲ್ಲಬೇಕಾದಾಗ ನಿಲ್ಲದೇ ಹೋಗುತ್ತದೋ? ಅದಕ್ಕೆ ಕಂಪನಿಯ ಕಂಪ್ಯೂಟರ್ ಅಥವಾ ವಿಶೇಷ ಉಪಕರಣ ಬೇಕೋ? ಆ ಕೆಲಸದ ಬಿಲ್ಲು ಮುಂದೆ ವಾರಂಟಿಗೋ ಕಾರು ಮಾರುವಾಗಲೋ ಬೇಕಾಗುತ್ತದೋ? ಏರ್ ಫಿಲ್ಟರ್ ಬದಲಿಸುವುದಕ್ಕೂ ಬ್ರೇಕ್ ಲೈನಿನ ಗಾಳಿ ತೆಗೆಯುವುದಕ್ಕೂ ಒಂದೇ ಉತ್ತರ ಇರಲಾರದು.

ಮೊದಲು ಕಾರಿನ ಜೊತೆ ಕೊಟ್ಟ ಓನರ್ಸ್ ಮ್ಯಾನುಯಲ್ ತೆಗೆದು ಹಿಂಭಾಗದ ಸರ್ವಿಸ್ ಕೋಷ್ಟಕ ನೋಡಿ. ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಅದರ ಪಕ್ಕದಲ್ಲೋ ಕೆಳಗೋ ಕಠಿಣ ಬಳಕೆಗೆ ಬೇರೆ ಅವಧಿ ಕೊಟ್ಟಿರುತ್ತಾರೆ: ಧೂಳಿನ ರಸ್ತೆ, ನಿಂತು ನಿಂತು ಹೋಗುವ ಟ್ರಾಫಿಕ್, ಚಿಕ್ಕ ಚಿಕ್ಕ ಓಡಾಟ. ಪುಣೆ, ಮುಂಬೈಯ ಬಳಕೆ ಈ ಸಾಲಿಗೇ ಸೇರುತ್ತದೆ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಸರಾಸರಿ 20 ಕಿ.ಮೀ. ವೇಗದಲ್ಲಿ 10,000 ಕಿ.ಮೀ. ಓಡಿದ ಎಂಜಿನ್ 500 ಗಂಟೆ ಉರಿದಿರುತ್ತದೆ. ಹೆದ್ದಾರಿಯಲ್ಲಿ 70ರ ಸರಾಸರಿಯಲ್ಲಿ ಅಷ್ಟೇ ದೂರ ಓಡಿದ ಎಂಜಿನ್ ಉರಿದದ್ದು ಸುಮಾರು 143 ಗಂಟೆ. ಮೀಟರಿನ ಅಂಕಿ ಒಂದೇ, ಆಯಿಲ್ ಸವೆದದ್ದು ಒಂದೇ ಅಲ್ಲ. ಹಾಗಾಗಿ ಊರೊಳಗೇ ಓಡುವ ಕಾರಿಗೆ ವರ್ಷದ ಸರ್ವಿಸ್ಸಿನ ನಡುವೆ ಇನ್ನೊಂದು ಆಯಿಲ್ ಬದಲಾವಣೆ ಸಿಕ್ಕರೆ ಎಂಜಿನ್ನಿಗೆ ನಿಜವಾದ ಲಾಭ. ಮನೆಯಲ್ಲಿ ಕೈ ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ: ಶೋರೂಮಿನ ದಾಖಲೆಯೂ ಉಳಿಯುತ್ತದೆ, ಹೆಚ್ಚುವರಿ ಆಯಿಲ್ಲೂ ಬೀಳುತ್ತದೆ.

ವಾರಂಟಿಯ ವಿಷಯದಲ್ಲಿ ಹೆದರಿಕೆ ಹೆಚ್ಚು, ಸ್ಪಷ್ಟತೆ ಕಡಿಮೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ತಪಾಸಣಾ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಕಾರಣ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕಬಾರದು ಎಂದೂ ಆ ಆದೇಶ ಹೇಳಿತು. ಪ್ರಕರಣ ಮುಂದೆ ಮೇಲ್ಮನವಿಗಳಿಗೂ ಹೋಯಿತು. ಆದೇಶ ಏನೇ ಇರಲಿ, ವಾರಂಟಿ ಪುಸ್ತಕದಲ್ಲಿ ನಿಗದಿತ ಸರ್ವಿಸ್‌ಗಳನ್ನು ಅಧಿಕೃತ ಕೇಂದ್ರದಲ್ಲೇ ಮಾಡಿಸಬೇಕೆಂಬ ಮಾತು ಇದ್ದೇ ಇರುತ್ತದೆ, ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಇನ್ನೂ ಬಿಗಿಯಾಗಿ. ಎಂಜಿನ್ನೋ ಗೇರ್‌ಬಾಕ್ಸೋ ಕೈಕೊಟ್ಟ ದಿನ ಸಾವಿರಾರು ರೂಪಾಯಿ ಉಳಿಸಿದ್ದನ್ನು ಲಕ್ಷದ ಕ್ಲೇಮಿನ ಎದುರು ಇಟ್ಟು ವಾದ ಮಾಡುವ ಪರಿಸ್ಥಿತಿ ಬೇಡ. ವಾರಂಟಿ ಇರುವಷ್ಟು ಕಾಲ ಕೋಷ್ಟಕದ ಸರ್ವಿಸ್ ತಪ್ಪಿಸಬೇಡಿ. ವೈಪರ್, ಏರ್ ಫಿಲ್ಟರ್, ಏಸಿ ಫಿಲ್ಟರ್‌ಗಳನ್ನು ಮನೆಯಲ್ಲಿ ಬದಲಿಸಿದರೆ ಯಾರೂ ತಕರಾರು ತೆಗೆಯುವುದಿಲ್ಲ. ತಕರಾರು ಬರುವುದು ವೈರಿಂಗ್ ಕತ್ತರಿಸಿ ಲೈಟು, ಹಾರನ್, ಸ್ಟೀರಿಯೊ ಕೂರಿಸಿದಾಗ.

ಶೋರೂಮಿಗೆ ಹೋಗುವಾಗಲೂ ಕಾರಿನ ಕೆಲಸ ಗೊತ್ತಿದ್ದವರಿಗೆ ಲಾಭವಿದೆ. ಜಾಬ್ ಕಾರ್ಡ್ ಬರೆಯುವಾಗ ಸರ್ವಿಸ್ ಅಡ್ವೈಸರ್ ಒಂದರ ಮೇಲೊಂದು ಸೇರಿಸುತ್ತಾ ಹೋಗುತ್ತಾರೆ: ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಏಸಿ ಡಿಸ್‌ಇನ್ಫೆಕ್ಟಂಟ್, ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿದು ಬಿಡುವ ಕವಾಟ) ಕ್ಲೀನಿಂಗ್, ಸೈಲೆನ್ಸರ್ ಕೋಟಿಂಗ್, ಪ್ರತಿ ಸಲವೂ ವೀಲ್ ಅಲೈನ್‌ಮೆಂಟ್. ಕೇಳಬೇಕಾದ ಮಾತು ಒಂದೇ, ಇದು ಮ್ಯಾನುಯಲ್ಲಿನ ಕೋಷ್ಟಕದಲ್ಲಿದೆಯೇ ಎಂದು. ಇಲ್ಲದಿದ್ದರೆ, ಕಾರಿನಲ್ಲಿ ಅದಕ್ಕೆ ತಕ್ಕ ಲಕ್ಷಣವಾದರೂ ಇರಬೇಕು. ನ್ಯೂಟ್ರಲ್‌ನಲ್ಲಿ ನಿಂತಾಗ ಆರ್‌ಪಿಎಂ ಏರಿಳಿಯುತ್ತಿದ್ದರೆ ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸಲಿ. ಸ್ಟೀರಿಂಗ್ ಒಂದು ಕಡೆ ಎಳೆಯುತ್ತಿದ್ದರೆ, ಟೈರಿನ ಒಂದೇ ಅಂಚು ಸವೆದಿದ್ದರೆ, ದೊಡ್ಡ ಗುಂಡಿಗೆ ಚಕ್ರ ಬಿದ್ದಿದ್ದರೆ ಅಲೈನ್‌ಮೆಂಟ್ ಮಾಡಿಸಲಿ. 80ರಿಂದ 100ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್. ಇವು ಯಾವುವೂ ಇಲ್ಲದೆ ಎಂಜಿನ್ನಿನೊಳಗೆ ಫ್ಲಶ್ ದ್ರಾವಣ ಸುರಿಯುವುದನ್ನು ನಾನಂತೂ ಒಪ್ಪುವುದಿಲ್ಲ. ಅದರ ಒಂದು ಅಂಶ ಹೊಸ ಆಯಿಲ್ಲಿನ ಜೊತೆ ಒಳಗೇ ಉಳಿಯುತ್ತದೆ.

ಕಾರು ಬಿಡುವ ಮುನ್ನ ಹಳೆಯ ಆಯಿಲ್ ಫಿಲ್ಟರಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಏರ್ ಫಿಲ್ಟರಿನ ಅಂಚಿಗೂ ಹಾಗೆಯೇ. ಬದಲಿಸಿದ ಹಳೆಯ ಭಾಗಗಳನ್ನು ತೋರಿಸಿ ಎಂದು ಜಾಬ್ ಕಾರ್ಡಿನಲ್ಲೇ ಬರೆಸಿ. ವಾಪಸ್ ತೆಗೆದುಕೊಳ್ಳುವಾಗ ಗೇಟು ದಾಟುವ ಮೊದಲೇ ಬಾನೆಟ್ ತೆರೆದು, ಆಯಿಲ್ ಮಟ್ಟ ತೋರುವ ಕಡ್ಡಿಯಾದ ಡಿಪ್‌ಸ್ಟಿಕ್ ನೋಡಿ. ಪೈಪಿನಿಂದ ಅಳತೆಯಿಲ್ಲದೆ ತುಂಬಿಸುವ ಕಡೆ ಆಯಿಲ್ ಮೇಲಿನ ಗುರುತು ದಾಟಿರುವುದು ಅಪರೂಪವಲ್ಲ. ಆಯಿಲ್ ಹೆಚ್ಚಾದರೆ ಎಂಜಿನ್ನಿನ ತಳದಲ್ಲಿ ತಿರುಗುವ ಕ್ರ್ಯಾಂಕ್ ದಂಡ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಾದ ಆಯಿಲ್ ಬೇರಿಂಗ್‌ಗಳಿಗೆ ಸರಿಯಾದ ಒತ್ತಡದಲ್ಲಿ ತಲುಪದು, ಉಳಿದದ್ದು ಬ್ರೀದರ್ ಪೈಪಿನಿಂದ ಗಾಳಿ ಒಳಗೆಳೆಯುವ ಇಂಟೇಕ್ ಸೇರಿ ಉರಿಯುತ್ತದೆ.

ಈಗ ಆಯಿಲ್ ಬದಲಾವಣೆಯ ಕೆಲಸಕ್ಕೇ ಬರೋಣ. ಸಣ್ಣ ಪೆಟ್ರೋಲ್ ಎಂಜಿನ್ನುಗಳಿಗೆ ಫಿಲ್ಟರ್ ಸೇರಿ 3ರಿಂದ 3.5 ಲೀಟರ್ ಸಾಕು, ನಿಮ್ಮ ಕಾರಿನ ಅಳತೆ ಮ್ಯಾನುಯಲ್ಲಿನಲ್ಲಿದೆ. ಗ್ರೇಡ್, ಅಂದರೆ ಆಯಿಲ್ ಎಷ್ಟು ತೆಳು ಎಷ್ಟು ಮಂದ ಎಂಬ ವಿಷಯದಲ್ಲಿ ಪಕ್ಕದ ಮನೆಯವರ ಸಲಹೆ ಬೇಡ. 0ಡಬ್ಲ್ಯು-20 ಅಥವಾ 0ಡಬ್ಲ್ಯು-16 ಬರೆದಿರುವ ಎಂಜಿನ್ನಿಗೆ, ಹಳೆಯ ಕಾಲದ ರೂಢಿಯಂತೆ 20ಡಬ್ಲ್ಯು-50 ಹಾಕಿದರೆ ತಣ್ಣಗಿರುವಾಗ ಅದು ಮೇಲೇರಲು ತಡ, ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವ ವಾಲ್ವ್ ಟೈಮಿಂಗ್ ವ್ಯವಸ್ಥೆಯೂ ಮಂದವಾಗುತ್ತದೆ. 2020ರ ಏಪ್ರಿಲ್ 1ರ ನಂತರದ ಬಿಎಸ್6 ಡೀಸೆಲ್ ಕಾರಾಗಿ, ಅದರಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದ್ದರೆ, ಕಡಿಮೆ ಬೂದಿಯ ಆಯಿಲ್ಲೇ ಬೇಕು. ಬೇರೆಯದು ಹಾಕಿದರೆ ಅದರ ಬೂದಿ ಫಿಲ್ಟರಿನಲ್ಲಿ ಕೂತುಬಿಡುತ್ತದೆ. ಆ ಫಿಲ್ಟರ್ ಕಾದು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ರೀಜನರೇಶನ್ ಮಸಿಯನ್ನು ಸುಡುತ್ತದೆ, ಬೂದಿಯನ್ನಲ್ಲ.

ಬಿಡಿಭಾಗಕ್ಕೆ ಪುಣೆಯವರಿಗೆ ನಾನಾ ಪೇಠೆ ಇದೆ. ಅಲ್ಲಿ ಕೌಂಟರಿನಲ್ಲಿ ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು, 17 ಅಕ್ಷರದ ಛಾಸಿ ನಂಬರ್ ಅಥವಾ ಹಳೆಯ ಬಿಲ್ಲಿನಲ್ಲಿರುವ ಪಾರ್ಟ್ ನಂಬರ್ ಒಯ್ಯಿರಿ. ಒಂದೇ ಮಾಡೆಲ್ಲಿನಲ್ಲಿ ತಿಂಗಳು ಬದಲಾದರೆ ಫಿಲ್ಟರ್ ಬದಲಾಗಿರುವ ಉದಾಹರಣೆಗಳಿವೆ. ಕಂಪನಿಗೆ ಭಾಗ ಪೂರೈಸುವವರೇ ತಮ್ಮ ಸ್ವಂತ ಡಬ್ಬಿಯಲ್ಲಿ ಅದೇ ಭಾಗವನ್ನು ಕಡಿಮೆ ಬೆಲೆಗೆ ಮಾರುವುದುಂಟು. ಅದನ್ನು ಧೈರ್ಯವಾಗಿ ಕೊಳ್ಳಬಹುದು. ನಕಲಿಗಳ ಭಯ ಇರುವುದು ಆಯಿಲ್ ಮತ್ತು ಫಿಲ್ಟರಿನಲ್ಲೇ ಹೆಚ್ಚು. ಬಿಲ್ಲು ಕೊಡದ ಅಂಗಡಿ, ಸೀಲ್ ಸಡಿಲವಾದ ಡಬ್ಬಿ, ಎಂಆರ್‌ಪಿಗಿಂತ ತೀರಾ ಇಳಿದ ಬೆಲೆ ಕಂಡರೆ ಬಿಟ್ಟು ಬನ್ನಿ.

ಎಂಜಿನ್ನನ್ನು ಐದು ನಿಮಿಷ ಚಾಲೂ ಇಟ್ಟು ಆರಿಸಿ. ಆಯಿಲ್ ಬೆಚ್ಚಗಾಗಿ ಸಲೀಸಾಗಿ ಇಳಿಯಬೇಕು, ಕೈ ಸುಡುವಷ್ಟು ಕಾಯಬಾರದು. ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ. ಜಾಕ್‌ನಿಂದ ಎತ್ತಿದ ಮೇಲೆ ಕಾರಿನ ಭಾರ ಜಾಕ್ ಸ್ಟ್ಯಾಂಡುಗಳ ಮೇಲೆ ಕೂರಬೇಕು. ಬರೀ ಜಾಕ್ ಕೊಟ್ಟ ಕಾರಿನ ಕೆಳಗೆ ಯಾವ ಕಾರಣಕ್ಕೂ ಮೈ ಚಾಚಬೇಡಿ. ಜಾಕ್‌ನ ಸೀಲ್ ಹರಿಯಲು ಮುನ್ಸೂಚನೆ ಬೇಕಿಲ್ಲ, ಆ ಒಂದು ಟನ್ನಿನ ಕೆಳಗೆ ಸಿಕ್ಕವರು ಉಳಿಯುವುದಿಲ್ಲ. ಸ್ಟ್ಯಾಂಡ್ ಕೊಳ್ಳುವ ಮನಸ್ಸಿಲ್ಲದಿದ್ದರೆ ಈ ಕೆಲಸವನ್ನೇ ಕೈಬಿಡಿ.

ಎಂಜಿನ್ನಿನ ತಳದಲ್ಲಿ ಆಯಿಲ್ ಇಳಿಸಲೆಂದಿರುವ ಡ್ರೇನ್ ಬೋಲ್ಟಿಗೆ ಸಾಮಾನ್ಯವಾಗಿ 14 ಅಥವಾ 17ರ ರಿಂಗ್ ಪಾನಾ (ಸ್ಪ್ಯಾನರ್) ಹತ್ತುತ್ತದೆ. ತೆರೆದ ಬಾಯಿಯ ಪಾನಾ ಬಳಸಿದರೆ ಮೂಲೆ ಸವೆದು ಬೋಲ್ಟ್ ಕೈಗೆ ಸಿಗದಂತಾಗುತ್ತದೆ. ಮೇಲೆ ಆಯಿಲ್ ಮುಚ್ಚಳ ತೆರೆದಿಟ್ಟು ಹತ್ತು ಹದಿನೈದು ನಿಮಿಷ ಇಳಿಯಲು ಬಿಡಿ. ಬೋಲ್ಟಿನ ವಾಶರ್ ಹೊಸದೇ ಆಗಬೇಕು. ಅದು ಒತ್ತಡಕ್ಕೆ ಚಪ್ಪಟೆಯಾಗಿ ಸಂದು ಮುಚ್ಚುವ ಮೆದು ಲೋಹ, ಎರಡನೇ ಸಲ ಹಾಗೆ ಕೂರದು, ಪಾರ್ಕಿಂಗಿನ ನೆಲದ ಮೇಲೆ ಕಪ್ಪು ಹನಿ ಬೀಳತೊಡಗುತ್ತದೆ. ಹನಿ ನೋಡಿ ಬೋಲ್ಟನ್ನು ಇನ್ನಷ್ಟು ಬಿಗಿದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಅಲ್ಯುಮಿನಿಯಂ ಸಂಪ್‌ನ ಥ್ರೆಡ್ ಹರಿಯುತ್ತದೆ. ಮನೆಯಲ್ಲಿ ಆಯಿಲ್ ಬದಲಿಸಲು ಹೋಗಿ ಜೇಬು ಸುಟ್ಟುಕೊಳ್ಳುವವರಲ್ಲಿ ಹೆಚ್ಚಿನವರು ಇಲ್ಲೇ ಎಡವುವುದು. ಬೋಲ್ಟನ್ನು ಮೊದಲ ನಾಲ್ಕೈದು ಸುತ್ತು ಬರಿಗೈಯಲ್ಲೇ ತಿರುಗಿಸಿ, ಕೊನೆಯ ಬಿಗಿತ, ಬಲ ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ. ಅನೇಕ ಸಣ್ಣ ಕಾರುಗಳಿಗೆ ಅದು 35 ನ್ಯೂಟನ್-ಮೀಟರಿನ ಆಸುಪಾಸು, ನಿಮ್ಮದರ ಅಂಕಿಯನ್ನು ಖಚಿತ ಮಾಡಿಕೊಳ್ಳಿ.

ಹಳೆಯ ಫಿಲ್ಟರ್ ಕಳಚಿದ ಕೂಡಲೇ ಅದರ ರಬ್ಬರ್ ರಿಂಗ್ ಜೊತೆಗೇ ಬಂತೇ ಎಂದು ನೋಡಿ. ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದು ಅದರ ಮೇಲೆ ಹೊಸ ಫಿಲ್ಟರ್ ಕೂತರೆ, ಎಂಜಿನ್ ಚಾಲೂ ಮಾಡಿದೊಡನೆ ಒತ್ತಡಕ್ಕೆ ಎರಡು ರಿಂಗುಗಳ ನಡುವಿನಿಂದ ಆಯಿಲ್ ಚಿಮ್ಮುತ್ತದೆ. ಹೊಸ ರಿಂಗಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ, ಮೈ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿಯಿರಿ. ಪಾನಾ ಹಾಕಿ ಬಿಗಿದರೆ ಮುಂದಿನ ಸಲ ಬಿಚ್ಚಲು ಬಾರದು. ಅಳತೆಗಿಂತ ಕಾಲು ಲೀಟರ್ ಕಡಿಮೆ ಸುರಿದು ಚಾಲೂ ಮಾಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ. ಒಂದು ನಿಮಿಷ ಓಡಿಸಿ, ಕೆಳಗೆ ಸೋರುವುದಿಲ್ಲವೆಂದು ಟಾರ್ಚ್ ಹಾಕಿ ನೋಡಿ. ಆರಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆ, ಮೇಲಿನದರ ಹತ್ತಿರಕ್ಕೆ ಬರುವಷ್ಟು ಸೇರಿಸಿ.

ಫಿಲ್ಟರುಗಳದ್ದು ಸುಲಭದ ಮಾತು. ಏರ್ ಫಿಲ್ಟರಿನ ಡಬ್ಬಿಗೆ ಕ್ಲಿಪ್ಪೋ ನಾಲ್ಕು ಸ್ಕ್ರೂವೋ ಇರುತ್ತವೆ. ಒಳಗೆ ಬಿದ್ದ ಎಲೆ, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸದರ ಅಂಚು ಎಲ್ಲ ಕಡೆ ಕೂತಿದೆಯೆಂದು ನೋಡಿ ಮುಚ್ಚಿದರಾಯಿತು. ಏಸಿ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲವ್ ಬಾಕ್ಸ್ ಹಿಂದೆ. ಬಾಕ್ಸಿನ ಎರಡೂ ಬದಿ ಒಳಕ್ಕೆ ಒತ್ತಿದರೆ ಕೆಳಗೆ ಜಾರುತ್ತದೆ, ಫಿಲ್ಟರಿನ ಮೇಲಿನ ಬಾಣ ಗಾಳಿ ಹರಿಯುವ ದಿಕ್ಕಿಗೇ ಇರಬೇಕು. ಎಲ್ಲೆಲ್ಲೂ ಕಟ್ಟಡ ಕಟ್ಟುವ ಪುಣೆಯ ಧೂಳಿನಲ್ಲಿ ಇದು ವರ್ಷ ತುಂಬುವ ಮೊದಲೇ ಬೂದುಬಣ್ಣಕ್ಕೆ ತಿರುಗುತ್ತದೆ. ಏಸಿ ತಣ್ಣಗಾಗುತ್ತಿಲ್ಲ ಎಂದು ಗ್ಯಾಸ್ ತುಂಬಿಸಲು ಓಡುವವರು ಮೊದಲು ಇದನ್ನು ತೆಗೆದು ನೋಡಲಿ. ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಗಣನೀಯವಾಗಿ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ತುಂಬಿಸಿಕೊಡುವ ಗ್ಯಾರೇಜಿಗೆ ಮತ್ತೆ ಹೋಗಬೇಕಾಗುತ್ತದೆ. ಗ್ಯಾಸನ್ನು ಗ್ರಾಂ ಲೆಕ್ಕದಲ್ಲಿ ತೂಗಿ ತುಂಬುವ ಯಂತ್ರ ಇರುವ ಕಡೆಯೇ ಈ ಕೆಲಸ ಆಗಬೇಕು, ಮನೆಯಲ್ಲಲ್ಲ.

ಬ್ಯಾಟರಿ ಬದಲಿಸಲು 10ರ ಪಾನಾ ಸಾಕು. ಬಿಚ್ಚುವಾಗ ಮೈನಸ್ ಮೊದಲು, ಕೂರಿಸುವಾಗ ಮೈನಸ್ ಕೊನೆಗೆ. ಕಾರು ಒಂದು ರಾತ್ರಿ ನಿಂತ ಮೇಲೆ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12ರ ಕೆಳಗಿದ್ದರೆ ಖಾಲಿ. ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ದೋಷ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆಯದ್ದು, ಹೊಸ ಬ್ಯಾಟರಿಯ ಹಣ ವ್ಯರ್ಥ. ಸಿಗ್ನಲ್ಲಿನಲ್ಲಿ ತಾನೇ ಆರಿ ತಾನೇ ಚಾಲೂ ಆಗುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು, ಸಾಮಾನ್ಯದ್ದು ಬೇಗ ಸಾಯುತ್ತದೆ. ಮುಂಬೈ, ಗೋವಾದ ಉಪ್ಪುಗಾಳಿಯಲ್ಲಿ ಟರ್ಮಿನಲ್‌ಗಳಿಗೆ ವ್ಯಾಸಲೀನ್ ಸವರಿಡುವುದು ಒಳ್ಳೆಯದು.

ಬ್ರೇಕಿನ ವಿಷಯಕ್ಕೆ ಬಂದಾಗ ನನ್ನ ನಿಲುವು ಬದಲಾಗುತ್ತದೆ. ನೋಡುವ ಕೆಲಸ ಮನೆಯಲ್ಲಿ, ಮಾಡುವ ಕೆಲಸ ವರ್ಕ್‌ಶಾಪಿನಲ್ಲಿ. ಚಕ್ರ ಬಿಚ್ಚಿ ಪ್ಯಾಡಿನ ದಪ್ಪ ನೋಡಲು ಯಾರೂ ಹೆದರಬೇಕಿಲ್ಲ. ಉಜ್ಜುವ ಪದರ 3 ಮಿ.ಮೀ.ಗೆ ಇಳಿದಿದ್ದರೆ ಊರಿಗೆ ಹೊರಡುವ ಮೊದಲೇ ಬದಲಿಸಿ. ಮತ್ತೆ ಕೂರಿಸುವಾಗ ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚಿನಿಂದ 100 ನ್ಯೂಟನ್-ಮೀಟರಿನ ಆಸುಪಾಸಿಗೆ ಬಿಗಿಯಿರಿ. ಬ್ರೇಕ್ ಆಯಿಲ್ ಮಾತ್ರ ಬೇರೆಯೇ ಬಗೆ. ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಹೀರಿದ ಮೇಲಿನ ಮಿತಿ 155 ಡಿಗ್ರಿ. ಮಳೆಗಾಲ ಕಳೆದ ಮೇಲೆ ಆಂಬೋಲಿ ಘಾಟಿನಲ್ಲಿ ತುಂಬಿದ ಕಾರನ್ನು ಬ್ರೇಕ್ ಒತ್ತಿಕೊಂಡೇ ಇಳಿಸಿದರೆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಕಾದು ಹಳೆಯ ಆಯಿಲ್ ಕುದಿಯಬಹುದು. ಕುದಿದಾಗ ಎದ್ದ ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಎರಡನೇ, ಮೂರನೇ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕೆನ್ನುವುದು ಇದೇ ಕಾರಣಕ್ಕೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ, ಆದರೆ ಅಧಿಕೃತ ಕೇಂದ್ರದಲ್ಲೋ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲೋ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಘಟಕದೊಳಗೆ ಗಾಳಿ ಸಿಕ್ಕಿಕೊಂಡರೆ ಅನೇಕ ಕಾರುಗಳಲ್ಲಿ ಅದರ ಪಂಪನ್ನು ಸ್ಕ್ಯಾನರ್‌ನಿಂದ ಓಡಿಸಿಯೇ ತೆಗೆಯಬೇಕು. ಪ್ಯಾಡ್ ಯಾರೇ ಬದಲಿಸಲಿ, ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಹೊಸ ಪ್ಯಾಡ್ ಕೂರಿಸಲು ಹಿಂದಕ್ಕೆ ತಳ್ಳಿದ ಕ್ಯಾಲಿಪರಿನ ಪಿಸ್ಟನ್ ಪ್ಯಾಡಿಗೆ ಬಂದು ತಾಗದಿದ್ದರೆ ಮೊದಲ ಬ್ರೇಕೇ ಹತ್ತುವುದಿಲ್ಲ.

ಕೈ ಹಾಕಲೇಬಾರದ ಕೆಲವು ಇವೆ, ಹೆಚ್ಚು ಹೇಳಬೇಕಿಲ್ಲ. ಹಳದಿ ಕನೆಕ್ಟರಿನ ಏರ್‌ಬ್ಯಾಗ್ ವೈರುಗಳು, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಕೇಬಲ್ಲುಗಳು, ಸಸ್ಪೆನ್ಷನ್ ಸ್ಪ್ರಿಂಗ್, ಸಿಎನ್‌ಜಿ ಪೈಪು ಮತ್ತು ಸಿಲಿಂಡರ್. ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದಲ್ಲಿ ಪರೀಕ್ಷಿಸುವ ಹೈಡ್ರೊ ಟೆಸ್ಟ್ ಕಡ್ಡಾಯ, ಫಲಕದ ಮೇಲಿನ ದಿನಾಂಕ ನೋಡಿಕೊಳ್ಳುವುದಷ್ಟೇ ನಮ್ಮ ಪಾಲು. ಮುಂಬೈಯ ಮಳೆಯಲ್ಲಿ ನೀರಿನೊಳಗೆ ಆರಿಹೋದ ಕಾರನ್ನು ಮತ್ತೆ ಚಾಲೂ ಮಾಡಲು ಯತ್ನಿಸಬೇಡಿ. ಸಿಲಿಂಡರಿಗೆ ಹೊಕ್ಕ ನೀರು ಕುಗ್ಗುವುದಿಲ್ಲ, ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಟೋ ಮಾಡಿಸಿ ವರ್ಕ್‌ಶಾಪಿಗೆ ತಲುಪಿಸಿ. ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದು) ಮತ್ತು ಸಾಫ್ಟ್‌ವೇರ್ ಅಪ್‌ಡೇಟ್ ಶೋರೂಮಿನಲ್ಲೇ ಆಗುವಂಥವು. ಕಂಪನಿಯ ವೆಬ್‌ಸೈಟಿನಲ್ಲಿ ಛಾಸಿ ನಂಬರ್ ಹಾಕಿ ಆಗಾಗ ನೋಡಿಕೊಳ್ಳಿ, ಮನೆಯಲ್ಲೇ ಸರ್ವಿಸ್ ಮಾಡುವವರ ಕೈತಪ್ಪಿ ಹೋಗುವುದು ಇಂಥದ್ದೇ.

ಹಣದ ಲೆಕ್ಕದಲ್ಲಿ ಅವಸರ ಬೇಡ. ಎರಡು ಟನ್ನಿನ ಜಾಕ್, ಒಂದು ಜೊತೆ ಸ್ಟ್ಯಾಂಡ್, ಟಾರ್ಕ್ ರೆಂಚ್, ಸಾಕೆಟ್ ಸೆಟ್, ಮಲ್ಟಿಮೀಟರ್, ಆಯಿಲ್ ತಟ್ಟೆ ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು ಆಗುತ್ತದೆ. ವರ್ಷಕ್ಕೆ ಒಂದು ಆಯಿಲ್ ಬದಲಾವಣೆ, ಎರಡು ಫಿಲ್ಟರ್ ಮಾತ್ರ ಮಾಡುವವರಿಗೆ ಅದು ಹಿಂದಿರುಗಲು ಕೆಲವು ವರ್ಷ ಬೇಕು. ಉಳಿತಾಯಕ್ಕೆಂದೇ ಹೊರಟವರಿಗೆ ವಾರಂಟಿ ಮುಗಿದ ಮೇಲೆ ನಂಬಿಕೆಯ ಒಬ್ಬ ಮೆಕ್ಯಾನಿಕ್ಕಿನ ಗ್ಯಾರೇಜೇ ಒಳ್ಳೆಯ ದಾರಿ: ಆಯಿಲ್, ಭಾಗ ನಾವೇ ತಂದುಕೊಟ್ಟು, ಎದುರಿಗೆ ನಿಂತು ಮಾಡಿಸುವುದು. ಮನೆಯ ಕೆಲಸದ ನಿಜವಾದ ಗಳಿಕೆ ಕಾರಿನ ಕೆಳಗೆ ಕಣ್ಣು ಹೋಗುವುದರಲ್ಲಿದೆ. ಹರಿದ ಡ್ರೈವ್‌ಶಾಫ್ಟ್ ಬೂಟು (ಗ್ರೀಸ್ ಹಿಡಿದಿಡುವ ರಬ್ಬರ್ ಹೊದಿಕೆ), ಬಿರುಕು ಬಿಟ್ಟ ಕೂಲಂಟ್ ಹೋಸು, ಟೈರಿನ ಒಳಬದಿಯ ಸವೆತ, ಇಲಿ ಕಡಿದ ವೈರು ಇವೆಲ್ಲ ಆಯಿಲ್ ಇಳಿಯಲು ಕಾಯುವ ಹದಿನೈದು ನಿಮಿಷದಲ್ಲಿ ಕಾಣುತ್ತವೆ. ದಿನಕ್ಕೆ ಹತ್ತಾರು ಕಾರು ಮುಗಿಸಬೇಕಾದ ಹುಡುಗನಿಗೆ ಅಷ್ಟು ಹೊತ್ತು ಬರೀ ನೋಡುತ್ತ ನಿಲ್ಲಲು ಯಾರೂ ಬಿಡುವುದಿಲ್ಲ.

ಸೊಸೈಟಿಯ ಪಾರ್ಕಿಂಗಿನಲ್ಲಿ ಜಾಕ್ ಎತ್ತುವ ಮೊದಲು ಕಮಿಟಿಯವರನ್ನು ಕೇಳಿಕೊಳ್ಳಿ, ಅನೇಕ ಕಡೆ ನಿಯಮ ಬಿಗಿ. ನೆಲಕ್ಕೆ ದಪ್ಪ ರಟ್ಟು ಹಾಸಿ. ಕಪ್ಪು ಆಯಿಲ್ಲನ್ನು ಚರಂಡಿಗೆ ಸುರಿದರೆ ಅದು ಸೇರುವುದು ಮುಳಾ-ಮುಠಾ ನದಿಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ತುಂಬಿ ಮುಚ್ಚಳ ಬಿಗಿದು, ಹಳೆ ಆಯಿಲ್ ಡ್ರಮ್ ಇಟ್ಟಿರುವ ಗ್ಯಾರೇಜಿಗೆ ಕೊಡಿ. ಅದಕ್ಕೆ ಕೂಲಂಟ್, ಪೆಟ್ರೋಲ್, ನೀರು ಬೆರೆಸಬೇಡಿ, ಬೆರೆತರೆ ಅದನ್ನು ಮರುಶುದ್ಧಿ ಮಾಡಲಾಗದು. ಫಿಲ್ಟರನ್ನು ಬಾಯಿ ಕೆಳಗೆ ಮಾಡಿ ಒಂದು ರಾತ್ರಿ ತಟ್ಟೆಯ ಮೇಲಿಟ್ಟರೆ ಒಳಗಿನ ಆಯಿಲ್ ಬಹುಪಾಲು ಇಳಿಯುತ್ತದೆ. ಬಿಲ್ಲು, ಪಾರ್ಟ್ ನಂಬರ್, ತಾರೀಖು, ಮೀಟರಿನ ಅಂಕಿ ಬರೆದು ಸರ್ವಿಸ್ ಪುಸ್ತಕದ ಜೊತೆಗೇ ಇಡಿ. ಕಾರು ಕೊಳ್ಳಲು ಬಂದವರು ಮೊದಲು ಕೇಳುವುದು ಅದನ್ನೇ.